ಜಾತ್ರೆಸಂತೆ (ಕುಂಬಳೆ ಸೀಮೆ)

ಜಾತ್ರೆಸಂತೆ ಎಂದರೆ ದೇವಸ್ಥಾನ, ದೈವಸ್ಥಾನ, ದರ್ಗಾ ಅಥವಾ ಇಗರ್ಜಿಯ ವಾರ್ಷಿಕ ಉತ್ಸವದ ದಿನಗಳಲ್ಲಿ ಅದರ ಹೊರವಲಯದ ಗದ್ದೆ, ಬಯಲು ಮತ್ತು ರಸ್ತೆಬದಿಗಳಲ್ಲಿ ತಾತ್ಕಾಲಿಕವಾಗಿ ಏರ್ಪಡುವ, ತೊಟ್ಟಿಲು, ಆಟ, ತಿಂಡಿ ಹಾಗೂ ಸಣ್ಣ ಸರಕುಗಳ ವಿನೋದವಲಯ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಹಿಂದೆ ಕುಂಬಳೆ ಅರಸರ ಆಳ್ವಿಕೆಗೆ ಒಳಪಟ್ಟಿದ್ದು ಇಂದಿಗೂ ಕುಂಬಳೆ ಸೀಮೆ ಎಂದೇ ಕರೆಯಲ್ಪಡುವ ಪ್ರದೇಶದಲ್ಲಿ, ಇದು ಉತ್ಸವದ ವಿಧಿಗಳಿಗೆ ಹೊರಗಿನದಾದರೂ ಆ ವಿಧಿಗಳ ವೇಳಾಪಟ್ಟಿಗೆ ಸಂಪೂರ್ಣ ಅಧೀನವಾದ ಸಂಸ್ಥೆಯಾಗಿ ಬೆಳೆದಿದೆ. ಒಂದು ವಿಧಿ ಮುಗಿದು ಇನ್ನೊಂದು ಆರಂಭವಾಗುವವರೆಗೆ ಜನರು ಕಾಯುವ ಹೊತ್ತೇ ಸಂತೆಯ ವ್ಯಾಪಾರದ ಹೊತ್ತು. ಅದರ ಸ್ಥಳ, ಬೆಳಕು, ತಿಂಡಿ, ಆಟ ಎಲ್ಲವನ್ನೂ ರೂಪಿಸಿರುವುದು ಈ ಕಾಯುವಿಕೆಯೇ.

ವ್ಯಾಪ್ತಿ ಮತ್ತು ಪರಿಭಾಷೆ

ಈ ಸೀಮೆಯ ಜಾತ್ರೆಗಳ ವ್ಯಾಪ್ತಿಯನ್ನು ಗುರುತಿಸಲು ಸೀತಾಂಗೋಳಿ ಅನುಕೂಲದ ನೆಲೆ. ಪುತ್ತಿಗೆ ಗ್ರಾಮಪಂಚಾಯತಿಗೆ ಸೇರಿದ ಇದು ಕುಂಬಳೆ–ಬದಿಯಡ್ಕ ರಸ್ತೆಯ ಮೇಲಿನ ಪೇಟೆ. ಅದಕ್ಕೆ ಸ್ವಂತದ ದೊಡ್ಡ ಜಾತ್ರೆ ಎಂಬುದಕ್ಕಿಂತ, ಹಲವು ಜಾತ್ರೆಗಳಿಗೆ ಹೋಗುವ ದಾರಿಗಳು ಕೂಡುವ ಸ್ಥಳವೆಂಬುದೇ ಹೆಚ್ಚು ಸರಿಯಾದ ಗುರುತು. ಪಶ್ಚಿಮಕ್ಕೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಮತ್ತು ಅದೇ ದಿಕ್ಕಿನಲ್ಲಿ ಸರೋವರದ ನಡುವೆ ಇರುವ ಅನಂತಪುರ ದೇವಸ್ಥಾನ, ದಕ್ಷಿಣಕ್ಕೆ ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ, ಸಮೀಪದಲ್ಲೇ ಕುಂಬಳೆ ಅರಸು ಮನೆತನದ ಮಾಯಿಪ್ಪಾಡಿ ಅರಮನೆ, 1890ರಲ್ಲಿ ಸ್ಥಾಪನೆಯಾದ ಬೇಳದ ಶೋಕಮಾತಾ ಇಗರ್ಜಿ ಇವೆ. ಸೀಮೆಯ ನಾಲ್ಕು ಮುಖ್ಯ ದೇವಸ್ಥಾನಗಳನ್ನು ಅಡೂರು, ಮಧೂರು, ಕಾವು, ಕಣ್ಯಾರ ಎಂದು ಒಟ್ಟಾಗಿ ಹೇಳುವ ರೂಢಿಯಿದೆ. ಕಾವು ಎಂದರೆ ಮುಜುಂಗಾವು, ಕಣ್ಯಾರ ಎಂದರೆ ಕುಂಬಳೆಯ ಕಣಿಪುರ.

ವಾರ್ಷಿಕ ಉತ್ಸವಕ್ಕೆ ಈ ಭಾಗದಲ್ಲಿ ಆಯನ, ಜಾತ್ರೆ ಎಂಬ ಹೆಸರುಗಳಿವೆ. ದೈವಗಳಿಗೆ ಸಲ್ಲುವ ವಾರ್ಷಿಕ ಸೇವೆಯನ್ನು ನೇಮ ಅಥವಾ ಕೋಲ ಎಂದೂ, ಮಲೆಯಾಳ ಸಂಪ್ರದಾಯದ ಭಗವತಿ ಕ್ಷೇತ್ರಗಳಲ್ಲಿ ತೆಯ್ಯಂ ಕಟ್ಟುವ ಉತ್ಸವವನ್ನು ಕಳಿಯಾಟ ಎಂದೂ, ಸೂಫಿ ಸಂತರ ಸ್ಮರಣೆಯನ್ನು ಉರೂಸ್ ಎಂದೂ ಕರೆಯಲಾಗುತ್ತದೆ. ಬೆಡಿ ಎಂದರೆ ಸುಡುಮದ್ದಿನ ಪ್ರದರ್ಶನ. ಆದರೆ ಕುಂಬಳೆ ಬೆಡಿ, ಮಧೂರು ಬೆಡಿ ಎಂಬಲ್ಲಿ ಅದು ಆ ರಾತ್ರಿಯ ಇಡೀ ಉತ್ಸವವನ್ನೂ ಸಂತೆಯನ್ನೂ ಒಳಗೊಂಡ ಹೆಸರು. ಈ ಲೇಖನದಲ್ಲಿ ‘ಸಂತೆ’ ಎಂಬುದನ್ನು ಜಾತ್ರೆಸಂತೆ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದ್ದು, ವಾರದ ಸಂತೆಗೆ ಅದು ಅನ್ವಯಿಸುವುದಿಲ್ಲ.

ಮೂಲ ಮತ್ತು ಬೆಳವಣಿಗೆ

ಜಾತ್ರೆಸಂತೆಗೆ ಸ್ಥಾಪಕರಾಗಲಿ ಸ್ಥಾಪನೆಯ ವರ್ಷವಾಗಲಿ ಇಲ್ಲ. ಅದರ ಬುಡ ಇರುವುದು ಬೇಸಾಯದ ಪಂಚಾಂಗದಲ್ಲಿ. ತುಳುನಾಡಿನ ಗದ್ದೆಗಳಲ್ಲಿ ಮಳೆಗಾಲದ ಬೆಳೆ ಏಣಿಲು, ಅದರ ನಂತರದ್ದು ಸುಗ್ಗಿ, ನೀರಿರುವ ತಗ್ಗಿನಲ್ಲಿ ಮಾತ್ರ ಬೆಳೆಯುವ ಮೂರನೆಯದು ಕೊಳಕೆ. ಏಣಿಲು ಅಥವಾ ಸುಗ್ಗಿ ಕೊಯ್ದ ಮೇಲೆ ದೇವಸ್ಥಾನದ ಮುಂದಿನ ಗದ್ದೆ ಒಣಗಿ ಗಟ್ಟಿಯಾಗುತ್ತದೆ, ಕೃಷಿಕರ ಕೈಯಲ್ಲಿ ಧಾನ್ಯವೂ ಬಿಡುವೂ ಇರುತ್ತವೆ. ಉತ್ಸವಗಳ ಋತು ಬೀಳುವುದು ಇದೇ ಅವಧಿಗೆ. ಮಲೆಯಾಳ ಸಂಪ್ರದಾಯದಲ್ಲಿ ಅದು ತುಲಾಮಾಸದ ಹತ್ತನೆಯ ದಿನವಾದ ಪತ್ತಾಮುದಯದಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಆರಂಭವಾಗುತ್ತದೆ. ತುಳು ಸಂಪ್ರದಾಯದಲ್ಲಿ ಅದು ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಮುಗಿಯುತ್ತದೆ. ಯಕ್ಷಗಾನ ಮೇಳಗಳ ತಿರುಗಾಟವೂ ಪತ್ತನಾಜೆಗೇ ನಿಲ್ಲುತ್ತದೆ.

ಆರಂಭದ ಸಂತೆಯು ವಿನೋದಕ್ಕಿಂತ ಅಗತ್ಯದ ಸರಕಿನದಾಗಿತ್ತು. ಮಡಕೆ, ಕತ್ತಿ, ಚಾಪೆ, ಬುಟ್ಟಿ, ಬಳೆ, ಬಟ್ಟೆ, ಒಣಮೀನು, ಬೆಲ್ಲ ಇವುಗಳಿಗಾಗಿ ಒಳನಾಡಿನ ಮನೆಗಳು ವರ್ಷದ ಜಾತ್ರೆಯನ್ನೇ ಕಾಯುತ್ತಿದ್ದವು. ಈ ಬಗೆಯ ವ್ಯಾಪಾರ ಜಾತ್ರೆಯ ವಿಶೇಷ ಉದಾಹರಣೆಯೆಂದರೆ ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಯ ಸಮಯದಲ್ಲಿ ಸಮೀಪದ ಕುಳ್ಕುಂದದಲ್ಲಿ ಸೇರುತ್ತಿದ್ದ ಜಾನುವಾರು ಜಾತ್ರೆ. ರಸ್ತೆ, ಬಸ್ಸು ಮತ್ತು ಖಾಯಂ ಅಂಗಡಿಗಳು ಹೆಚ್ಚಿದಂತೆ ಅಗತ್ಯದ ಸರಕು ಜಾತ್ರೆಯಿಂದ ಪೇಟೆಗೆ ಸರಿಯಿತು, ತೆರವಾದ ಗದ್ದೆಯನ್ನು ತೊಟ್ಟಿಲು ಮತ್ತು ತಿಂಡಿ ತುಂಬಿದವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ ಬಳಿಕವೂ, 1984ರ ಮೇ 24ರಂದು ಅದು ಪ್ರತ್ಯೇಕ ಜಿಲ್ಲೆಯಾದ ಬಳಿಕವೂ ಸಂತೆಯ ವ್ಯಾಪಾರಿಗಳ ಸಂಚಾರಕ್ಕೆ ಗಡಿ ಅಡ್ಡಿಯಾಗಲಿಲ್ಲ. ಮಂಗಳೂರು, ಪುತ್ತೂರು, ವಿಟ್ಲ ಕಡೆಯ ಮಿಠಾಯಿ ಅಂಗಡಿಯೂ ಕಣ್ಣೂರು, ಕೋಝಿಕ್ಕೋಡು ಕಡೆಯ ಹಲ್ವದ ಅಂಗಡಿಯೂ ಒಂದೇ ಸಾಲಿನಲ್ಲಿ ಕಾಣುವುದು ಈ ಸಂತೆಗಳ ಲಕ್ಷಣ.

ತಿರುಗುವ ತೊಟ್ಟಿಲಿನ ಜಾಗತಿಕ ಇತಿಹಾಸದಲ್ಲಿ ಕರಾವಳಿಗೆ ಪರೋಕ್ಷವಾದ ಒಂದು ನಂಟಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲಿನ ರಂಜಾನ್ ಸಂಭ್ರಮದಲ್ಲಿ ದೊಡ್ಡ ತಿರುಗುವ ಚಕ್ರವನ್ನು ತಾನೇ ಏರಿ ಅದರ ವಿವರ ಬರೆದಿಟ್ಟವನು. 1623ರಲ್ಲಿ ಇಕ್ಕೇರಿ ಮತ್ತು ಮಂಗಳೂರುಗಳಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡವನೂ ಅವನೇ. ಉಕ್ಕಿನ ಭಾರೀ ಚಕ್ರಕ್ಕೆ ಮಾದರಿಯಾದದ್ದು ಜಾರ್ಜ್ ಫೆರಿಸ್ 1893ರ ಷಿಕಾಗೊ ಮೇಳಕ್ಕಾಗಿ ಕಟ್ಟಿದ, ಸುಮಾರು 80 ಮೀಟರ್ ಎತ್ತರದ ರಚನೆ. ಮಲಬಾರಿನಲ್ಲಿ ದೈಹಿಕ ಸಾಹಸದ ಪ್ರದರ್ಶನಕ್ಕೆ ಬೇರೆಯೇ ಆದ ಪರಂಪರೆಯಿದೆ. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ತಲಶ್ಶೇರಿ ಬಳಿಯ ಚಿರಕ್ಕರದಲ್ಲಿ ಸರ್ಕಸ್ ತರಬೇತಿ ಆರಂಭಿಸಿದ ಮೇಲೆ ಆ ಪಟ್ಟಣವು ಭಾರತದ ಸರ್ಕಸ್ಸಿನ ತವರಾಯಿತು.

ಸ್ಥಳವಿನ್ಯಾಸ

ಸಂತೆಗೆ ಬಳಕೆಯಾಗುವ ನೆಲವನ್ನು ಸಾಮಾನ್ಯವಾಗಿ ಜಾತ್ರೆ ಗದ್ದೆ ಅಥವಾ ದೇವರ ಗದ್ದೆ ಎನ್ನುತ್ತಾರೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಮುಂದಿನ ದೇವರಮಾರು ಗದ್ದೆ ಈ ಬಗೆಯ ಅತಿ ಪ್ರಸಿದ್ಧ ಸ್ಥಳ. ಏಪ್ರಿಲ್ 10ರಂದು ಕೊಡಿಯೇರಿ, ಅಂದರೆ ಧ್ವಜಾರೋಹಣವಾಗಿ, 17ರಂದು ಬ್ರಹ್ಮರಥೋತ್ಸವ ನಡೆಯುವ ಅಲ್ಲಿನ ಜಾತ್ರೆಗೆ ಕಾಸರಗೋಡಿನ ಗಡಿಯೂರುಗಳಿಂದಲೂ ಜನ ಹೋಗುತ್ತಾರೆ.

ದೇವಸ್ಥಾನದಿಂದ ಹೊರಕ್ಕೆ ಹೋದಂತೆ ಸಂತೆಯ ಸ್ವರೂಪ ಪದರಪದರವಾಗಿ ಬದಲಾಗುತ್ತದೆ. ಗೋಪುರದ ಎದುರಿಗೆ ಹೂವು, ಹಣ್ಣುಕಾಯಿ, ಊದುಬತ್ತಿಯ ಅಂಗಡಿಗಳು. ದೇವರ ಬಲಿ, ಅಂದರೆ ಉತ್ಸವಮೂರ್ತಿಯ ಮೆರವಣಿಗೆ, ಹಾದುಹೋಗುವ ದಾರಿಯನ್ನೂ ಕಟ್ಟೆಪೂಜೆ ನಡೆಯುವ ಕಟ್ಟೆಯ ಸುತ್ತಣ ನೆಲವನ್ನೂ ತೆರವಾಗಿ ಬಿಟ್ಟು, ಅದರ ಇಕ್ಕೆಲಗಳಲ್ಲಿ ಬಳೆ, ಮಣಿಸರ, ಆಟಿಕೆಗಳ ‘ಫ್ಯಾನ್ಸಿ’ ಸಾಲು. ಅದರಾಚೆ ಮಿಠಾಯಿ, ಚರುಮುರಿ, ಐಸ್‌ಕ್ರೀಮಿನ ಸಾಲು. ಗದ್ದೆಯ ಕೊನೆಗೆ ತೊಟ್ಟಿಲುಗಳು. ತೊಟ್ಟಿಲನ್ನು ದೂರದಲ್ಲಿ ನಿಲ್ಲಿಸಲು ಎತ್ತರವೊಂದೇ ಕಾರಣವಲ್ಲ. ಬೆಡಿ ಸುಡುವ ಸ್ಥಳದಿಂದ ಅಂತರ, ಲಾರಿ ಇಳಿಯಲು ದಾರಿ, ಜನರೇಟರಿನ ಸದ್ದು ಗರ್ಭಗುಡಿಗೆ ಮುಟ್ಟದಂತೆ ನೋಡಿಕೊಳ್ಳಬೇಕಾದ ಕಟ್ಟುಪಾಡು ಇವೆಲ್ಲ ಸೇರಿ ಅದರ ಸ್ಥಾನ ನಿಗದಿಯಾಗುತ್ತದೆ. ಮೊಟ್ಟೆ ಆಮ್ಲೆಟ್, ಕೋಳಿಯ ಕರಿದ ತಿನಿಸುಗಳ ಕೈಗಾಡಿಗಳು ದೇವಸ್ಥಾನದ ಜಾಗವನ್ನು ದಾಟಿ ಮುಖ್ಯರಸ್ತೆಯ ಬದಿಗೆ ನಿಲ್ಲುತ್ತವೆ. ಉರೂಸಿನ ಸಂತೆಯಲ್ಲಿ ಈ ಕೊನೆಯ ಪದರವೇ ಮುಂದಕ್ಕೆ ಬರುತ್ತದೆ.

ಹಿಂದೆ ಅಂಗಡಿಗಳನ್ನು ಬಿದಿರು, ಹೆಣೆದ ತೆಂಗಿನ ಮಡಲು ಮತ್ತು ಅಡಕೆ ಸೋಗೆಯಿಂದ ಕಟ್ಟಲಾಗುತ್ತಿತ್ತು. ಇಂದು ಕಬ್ಬಿಣದ ಕೊಳವೆ, ಟರ್ಪಾಲು ಮತ್ತು ತಗಡುಗಳು ಅವುಗಳ ಸ್ಥಾನದಲ್ಲಿವೆ. ಬೆಳಕಿನ ಮಟ್ಟಿಗೆ ಸೂಟೆ ಎಂಬ ಒಣಮಡಲಿನ ಪಂಜು, ಕಾರ್ಬೈಡ್ ದೀಪ, ಗ್ಯಾಸ್‌ಲೈಟ್ ಎಂದು ಕರೆಯಲ್ಪಡುತ್ತಿದ್ದ ಪೆಟ್ರೋಮ್ಯಾಕ್ಸ್, ವಿದ್ಯುತ್ತು, ಎಲ್‌ಇಡಿ ಎಂಬ ಕ್ರಮ ಕಾಣುತ್ತದೆ. ಪೆಟ್ರೋಮ್ಯಾಕ್ಸ್ ಬಂದದ್ದು ಸಂತೆಯ ಇತಿಹಾಸದಲ್ಲಿ ತೊಟ್ಟಿಲಿಗಿಂತ ದೊಡ್ಡ ಘಟ್ಟವೆನ್ನಬಹುದು, ಏಕೆಂದರೆ ಸಣ್ಣ ವ್ಯಾಪಾರಿಯೂ ನಡುರಾತ್ರಿಯವರೆಗೆ ಸರಕು ಹರಡಿ ಕೂರಲು ಸಾಧ್ಯವಾದದ್ದು ಅದರಿಂದ.

ನೆಲವನ್ನು ಹಂಚುವ ಕ್ರಮ ಎರಡು ಬಗೆಯದು. ಮೊದಲನೆಯದು ಏಲಂ: ಉತ್ಸವ ಸಮಿತಿಯು ಇಡೀ ಗದ್ದೆಯನ್ನು ಅಥವಾ ತೊಟ್ಟಿಲು, ಐಸ್‌ಕ್ರೀಮ್, ವಾಹನ ನಿಲುಗಡೆ ಮುಂತಾದ ಹಕ್ಕುಗಳನ್ನು ಬಿಡಿಬಿಡಿಯಾಗಿ ಹರಾಜಿಗಿಡುತ್ತದೆ, ಹರಾಜು ಹಿಡಿದವನು ಅದನ್ನು ತುಂಡುತುಂಡಾಗಿ ಇತರರಿಗೆ ಕೊಡುತ್ತಾನೆ. ಎರಡನೆಯದು ನೆಲಬಾಡಿಗೆ: ಅಂಗಡಿಯ ಮುಂಬದಿಯ ಉದ್ದವನ್ನು ಅಳೆದು ನೇರವಾಗಿ ಹಣ ಪಡೆಯುವುದು. ಸಣ್ಣ ನೇಮಗಳಲ್ಲಿ ಬಲೂನು, ಕಡಲೆ ಮಾರುವವರಿಂದ ದಿನದ ಲೆಕ್ಕದಲ್ಲಿ ಅಲ್ಪ ಮೊತ್ತ ಮಾತ್ರ ಪಡೆಯಲಾಗುತ್ತದೆ.

ಕಾಲಕ್ರಮ

ಕುಂಬಳೆಯಲ್ಲಿ ಮಕರ ಸಂಕ್ರಮಣದಂದು, ಮಧೂರಿನಲ್ಲಿ ವಿಷುವಿನ ಸಮಯದಲ್ಲಿ ವಾರ್ಷಿಕ ಉತ್ಸವಕ್ಕೆ ಕೊಡಿಯೇರುತ್ತದೆ. ಮೊದಲ ದಿನಗಳಲ್ಲಿ ಸಂತೆ ವಿರಳವಾಗಿರುತ್ತದೆ. ತೊಟ್ಟಿಲಿನವರು ಭಾಗಗಳನ್ನು ಜೋಡಿಸುವುದೂ ಆಗಲೇ. ಬೆಡಿಯ ರಾತ್ರಿ ಅದು ತುಂಬುತ್ತದೆ. ಸಂಜೆಯ ಪೂಜೆ, ಬಲಿ ಹೊರಡುವುದು, ಕಟ್ಟೆಪೂಜೆ, ಬೆಡಿ, ಕೆಲವೆಡೆ ಬಳಿಕ ಯಕ್ಷಗಾನ ಬಯಲಾಟ ಎಂಬ ಸರಣಿಯಲ್ಲಿ ಒಂದೊಂದರ ನಡುವೆಯೂ ಬಿಡುವಿರುತ್ತದೆ, ಮತ್ತು ಬಲಿ ಹೊರಟ ಕೂಡಲೇ ಗದ್ದೆ ಅರ್ಧ ಖಾಲಿಯಾಗಿ, ಅದು ಮರಳಿದ ಕೂಡಲೇ ತುಂಬುವ ಏರಿಳಿತವನ್ನು ವ್ಯಾಪಾರಿಗಳು ಮೊದಲೇ ಲೆಕ್ಕ ಹಾಕಿರುತ್ತಾರೆ. ಬೆಡಿ ಮುಗಿದ ಮೇಲಿನ ಒಂದು ತಾಸು ತಿಂಡಿಯ ಅಂಗಡಿಗೆ ಅತ್ಯಂತ ಮುಖ್ಯ. ಮರುದಿನ ಅವಭೃತ, ಅಂದರೆ ದೇವರ ಉತ್ಸವಾಂತ್ಯದ ಸ್ನಾನ, ಮುಗಿಯುವ ಹೊತ್ತಿಗೆ ಉಳಿದ ಮಿಠಾಯಿ ಇಳಿದ ಬೆಲೆಗೆ ಮಾರಿ ಹೋಗುತ್ತದೆ. ಹಿಂದೆ ಕೊನೆಯ ಬಸ್ಸು ತಪ್ಪಿದವರು ಬೆಳಗಿನವರೆಗೆ ಅಲ್ಲೇ ಇರಬೇಕಾಗಿದ್ದುದರಿಂದ ಇಡೀ ರಾತ್ರಿಯ ಸಂತೆಗೆ ಗಿರಾಕಿಗಳ ಕೊರತೆ ಇರಲಿಲ್ಲ.

ಎರಡು ಜಾತ್ರೆಗಳ ಸಂತೆಗಳನ್ನು ಹೋಲಿಸಿದರೆ ಋತುವಿನ ಪ್ರಭಾವ ಸ್ಪಷ್ಟವಾಗುತ್ತದೆ. ಜನವರಿಯ ಕುಂಬಳೆಯಲ್ಲಿ ನೆಲ ಒಣಗಿ ಗಟ್ಟಿಯಿದ್ದು ರಾತ್ರಿ ತಂಪಾಗಿರುವುದರಿಂದ ಬಿಸಿ ಪೋಡಿ, ಚಹಾ, ಕಡಲೆಗೆ ಬೇಡಿಕೆ. ಏಪ್ರಿಲಿನ ಮಧೂರಿನಲ್ಲಿ ಬಚ್ಚಂಗಾಯಿ, ಕಬ್ಬಿನಹಾಲು, ಲಿಂಬೆ ಶರಬತ್ತು, ಐಸ್‌ಕ್ರೀಮಿನದೇ ಮೇಲುಗೈ, ಜೊತೆಗೆ ವಿಷು ಹೊತ್ತಿನ ಗುಡುಗುಮಳೆಯ ಭಯ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ತೀರ್ಥಸ್ನಾನಕ್ಕೆ ಜನ ಸೇರುವ ಮುಜುಂಗಾವಿನಲ್ಲಿ ಜನಸಂದಣಿಯೆಲ್ಲ ಬೆಳಗಿನದ್ದಾದ್ದರಿಂದ ಸಂತೆ ಸಣ್ಣದು, ಬೇಗ ಎದ್ದುಹೋಗುವಂಥದು.

ತೊಟ್ಟಿಲುಗಳು

ಕರಾವಳಿಯ ಜಾತ್ರೆಗಳಲ್ಲಿ ಏರಿ ತಿರುಗುವ ಸಾಧನಗಳಿಗೆಲ್ಲ ತೊಟ್ಟಿಲು ಎಂಬುದು ಸಾಮಾನ್ಯ ಹೆಸರು. ಅವುಗಳಲ್ಲಿ ಹಳೆಯದು ಮರದ ಕೈತೊಟ್ಟಿಲು: ಎರಡು ಕಂಬಗಳ ನಡುವಿನ ಅಡ್ಡ ಅಚ್ಚಿಗೆ ಶಿಲುಬೆಯಾಕಾರದಲ್ಲಿ ತೊಲೆಗಳನ್ನು ಸಿಕ್ಕಿಸಿ, ನಾಲ್ಕು ತುದಿಗಳಿಗೆ ನಾಲ್ಕು ಪೆಟ್ಟಿಗೆಗಳನ್ನು ತೂಗುಬಿಟ್ಟು, ಕೆಳಗೆ ಬಂದ ಪೆಟ್ಟಿಗೆಯನ್ನು ಆಳೊಬ್ಬ ಕೈಯಿಂದ ತಳ್ಳಿ ತಿರುಗಿಸುವ ರಚನೆ. ಎದುರುಬದುರಿನ ಪೆಟ್ಟಿಗೆಗಳ ಭಾರ ಸಮನಾಗಿದ್ದರೆ ಮಾತ್ರ ಅದು ಹಗುರವಾಗಿ ತಿರುಗುವುದರಿಂದ, ಮಕ್ಕಳನ್ನು ಕೂರಿಸುವಾಗಲೇ ತೂಕ ಹೊಂದಿಸುವುದು ತೊಟ್ಟಿಲಿನವನ ಕೌಶಲ. ಅದೇ ಕಾಲದ ಇನ್ನೊಂದು ಸಾಧನವೆಂದರೆ ನಡುಗಂಬದ ಸುತ್ತ ಅಡ್ಡವಾಗಿ ತಿರುಗುವ ಮರದ ಕುದುರೆಗಳು.

ಜಾಯಿಂಟ್ ವೀಲ್ ಎಂದೇ ರೂಢಿಗೆ ಬಂದಿರುವ ಉಕ್ಕಿನ ದೊಡ್ಡ ಚಕ್ರವನ್ನು ಲಾರಿಗಳಲ್ಲಿ ಬಿಡಿಭಾಗಗಳಾಗಿ ತಂದು ಗದ್ದೆಯಲ್ಲೇ ಕಟ್ಟಲಾಗುತ್ತದೆ. ಕಾಂಕ್ರೀಟು ಅಡಿಪಾಯ ಹಾಕುವಂತಿಲ್ಲ. ಮಳೆ ಬಂದ ಮೇಲೆ ಅದೇ ನೆಲವನ್ನು ಉಳಬೇಕು. ಆದ್ದರಿಂದ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ ಭಾರವನ್ನು ಹರಡಿ, ನೀರುಮಟ್ಟದಿಂದ ಸಮತಲ ನೋಡಿ, ಉಕ್ಕಿನ ಹಗ್ಗಗಳಿಂದ ಬಿಗಿಯಲಾಗುತ್ತದೆ. ಹಠಾತ್ ಮಳೆಗೆ ಗದ್ದೆಯ ಮಣ್ಣು ಮೆತ್ತಗಾದರೆ ದಿಮ್ಮಿಗಳು ಒಂದು ಬದಿಗೆ ಕುಸಿಯುವ ಸಂಭವವಿರುವುದರಿಂದ ವಿಷುವಿನ ಜಾತ್ರೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕಾಗುತ್ತದೆ. ದೋಣಿಯಾಕಾರದ, ಲೋಲಕದಂತೆ ಹಿಂದುಮುಂದೆ ತೂಗುವ ಕೊಲಂಬಸ್ ಇನ್ನೊಂದು ಜನಪ್ರಿಯ ಸಾಧನ. ದೋಣಿಯ ತಳ ಹಾದುಹೋಗುವ ಜಾಗದಲ್ಲಿ ಮೋಟಾರಿನಿಂದ ತಿರುಗುವ ರಬ್ಬರ್ ಚಕ್ರವೊಂದು ಅದಕ್ಕೆ ಉಜ್ಜಿ, ಪ್ರತಿ ತೂಗಿಗೂ ಸ್ವಲ್ಪಸ್ವಲ್ಪ ವೇಗ ಕೂಡಿಸುತ್ತದೆ. ನಿಲ್ಲಿಸುವುದೂ ಅದೇ ಉಜ್ಜುವಿಕೆಯಿಂದ. ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ರೈಲು, ಗಾಳಿ ತುಂಬಿದ ಜಾರುಬಂಡಿ, ಬ್ಯಾಟರಿ ಕಾರುಗಳು ನಂತರ ಸೇರಿಕೊಂಡವು.

ಮರಣಬಾವಿ, ಮಲೆಯಾಳದಲ್ಲಿ ಮರಣಕ್ಕಿಣರ್, ಏರುವ ಸಾಧನವಲ್ಲ, ನೋಡುವ ಪ್ರದರ್ಶನ. ಹಲಗೆಗಳಿಂದ ಕಟ್ಟಿದ ಸಿಲಿಂಡರಿನಾಕಾರದ ಬಾವಿಯ ಒಳಗೋಡೆಯ ಮೇಲೆ ಬೈಕು ಮತ್ತು ಸಣ್ಣ ಕಾರುಗಳನ್ನು ಅಡ್ಡವಾಗಿ ಓಡಿಸುವುದನ್ನು ಪ್ರೇಕ್ಷಕರು ಮೇಲಿನ ಅಟ್ಟಣೆಯಿಂದ ನೋಡುತ್ತಾರೆ. ವೃತ್ತದಲ್ಲಿ ಸಾಗುವ ವಾಹನವನ್ನು ಗೋಡೆ ಒಳಕ್ಕೆ ಒತ್ತುತ್ತದೆ, ಆ ಒತ್ತಡ ಹೆಚ್ಚಿದಷ್ಟೂ ಟೈರು ಮತ್ತು ಹಲಗೆಯ ನಡುವಿನ ಘರ್ಷಣೆ ಹೆಚ್ಚಿ ವಾಹನದ ತೂಕವನ್ನು ತಡೆಹಿಡಿಯುತ್ತದೆ. ಬಾವಿಯ ತ್ರಿಜ್ಯ 5 ಮೀಟರ್, ಘರ್ಷಣಾಂಕ 0.8 ಎಂದು ಇಟ್ಟುಕೊಂಡರೆ ಕನಿಷ್ಠ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್ ಬರುತ್ತದೆ. ಹಲಗೆಗೆ ತೇವ ಅಥವಾ ಎಣ್ಣೆ ತಗಲಿದರೆ ಘರ್ಷಣಾಂಕ ಇಳಿದು ಬೇಕಾಗುವ ವೇಗ ಏರುವುದರಿಂದ, ಮಳೆ ಬಿದ್ದ ರಾತ್ರಿ ಈ ಪ್ರದರ್ಶನ ನಡೆಯುವುದಿಲ್ಲ.

ಆಟಗಳು ಮತ್ತು ಜೂಜು

ಕೌಶಲದ ಆಟಗಳಲ್ಲಿ ಬಳೆ ಎಸೆತ, ಗಾಳಿಕೋವಿಯಿಂದ ಬಲೂನಿಗೆ ಗುರಿಯಿಡುವುದು, ಪೇರಿಸಿದ ಡಬ್ಬಗಳನ್ನು ಚೆಂಡಿನಿಂದ ಉರುಳಿಸುವುದು ಮುಖ್ಯ. ಬಳೆ ಎಸೆತದಲ್ಲಿ ಸೋಪು, ಬಿಸ್ಕತ್ತು, ಗಡಿಯಾರಗಳನ್ನು ನೆಲದ ಮೇಲೆ ಹರಡಿಟ್ಟು, ಎಸೆದ ಬಳೆಯೊಳಗೆ ವಸ್ತು ಪೂರ್ಣವಾಗಿ ಸಿಕ್ಕಿದರೆ ಅದು ಆಟಗಾರನದು ಎಂಬ ನಿಯಮವಿರುತ್ತದೆ. ಬೆಲೆಯ ವಸ್ತುವಿನ ಅಡಿಯ ಹಲಗೆಯೂ ಬಳೆಯೊಳಗೆ ಬರಬೇಕೆಂಬ ಷರತ್ತಿನಲ್ಲಿ ಅಂಗಡಿಯವನ ಲಾಭ ಅಡಗಿದೆ.

ಜೂಜಿನಾಟಗಳು ಸಂತೆಯ ಅಂಚಿನಲ್ಲಿ, ಬೆಳಕು ಕಡಿಮೆಯಿರುವಲ್ಲಿ ನಡೆದುಬಂದಿವೆ. ಕುಲುಕ್ಕಿಕುತ್ತು ಎಂಬ ಮಲೆಯಾಳ ಹೆಸರಿನ ಆಟದಲ್ಲಿ ಡಬ್ಬದೊಳಗೆ ದಾಳಗಳನ್ನು ಕುಲುಕಿ ಮಗುಚಿ, ಹಾಸಿದ ಹಾಳೆಯ ಆರು ಚಿಹ್ನೆಗಳಲ್ಲಿ ಯಾವುದರ ಮೇಲೆ ಹಣ ಇಟ್ಟಿದೆಯೋ ಅದು ಬಿದ್ದರೆ ಗೆಲುವು. ಮೂರು ದಾಳಗಳನ್ನು ಬಳಸಿ, ಬಿದ್ದ ಚಿಹ್ನೆಗಳ ಸಂಖ್ಯೆಗೆ ಸರಿಯಾಗಿ ಒಂದು, ಎರಡು, ಮೂರು ಪಟ್ಟು ಕೊಡುವ ಪದ್ಧತಿಯಲ್ಲಿ ಕೂಡ, ದಾಳಗಳು ಪ್ರಾಮಾಣಿಕವಾಗಿದ್ದರೂ, ಆಟಗಾರನು ಸರಾಸರಿಯಲ್ಲಿ ಇಟ್ಟ 100 ರೂಪಾಯಿಗೆ ಸುಮಾರು 8 ರೂಪಾಯಿ ಕಳೆದುಕೊಳ್ಳುತ್ತಾನೆ. ನೂರು ಬಾರಿ ಆಡಿದರೆ ಸುಮಾರು 58 ಬಾರಿ ಅವನ ಚಿಹ್ನೆ ಬೀಳುವುದೇ ಇಲ್ಲ. ಇಸ್ಪೀಟಿನ ಎಲೆಗಳನ್ನು ಒಳಗೆ, ಹೊರಗೆ ಎಂದು ಎರಡು ಬದಿಗೆ ಹಾಕುವ ಆಟಕ್ಕೆ ತುಳುವಿನಲ್ಲಿ ಉಲಾಯಿ–ಪಿದಾಯಿ ಎಂಬ ಹೆಸರು. ಈ ಬಗೆಯ ಜೂಜು ಕೇರಳ ಗೇಮಿಂಗ್ ಕಾಯ್ದೆ, 1960ರ ಪ್ರಕಾರ ಅಪರಾಧ.

ಕೋಳಿಅಂಕ, ತುಳುವಿನಲ್ಲಿ ಕೋರಿಕಟ್ಟ, ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿದ ಹುಂಜಗಳ ಕಾಳಗ. ಕೋಲ, ಬಲಿ, ಅಂಕ, ಆಯನ ಎಂದು ಒಂದೇ ಉಸಿರಿನಲ್ಲಿ ಹೇಳುವ ತುಳುನಾಡಿನ ವಾಡಿಕೆಯಲ್ಲಿ ಅದಕ್ಕೆ ಆಚರಣೆಯ ಸ್ಥಾನವಿದ್ದು, ಹುಂಜಗಳ ಬಣ್ಣ ಮತ್ತು ದಿನವಾರಗಳ ಹೊಂದಾಣಿಕೆ ಹೇಳುವ ಕುಕ್ಕುಟ ಪಂಚಾಂಗವೂ ಬಳಕೆಯಲ್ಲಿತ್ತು. ಪ್ರಾಣಿಹಿಂಸೆ ತಡೆ ಕಾಯ್ದೆ, 1960 ಅದನ್ನು ನಿಷೇಧಿಸಿದೆ.

ತಿಂಡಿ ಮತ್ತು ಪಾನೀಯ

ಜಾತ್ರೆಯ ತಿಂಡಿಗಳನ್ನು ಮನೆಗೆ ಒಯ್ಯುವವು ಮತ್ತು ಅಲ್ಲೇ ತಿನ್ನುವವು ಎಂದು ವಿಂಗಡಿಸುವುದು ಅನುಕೂಲ. ಮೊದಲ ಗುಂಪಿಗೆ ಸೇರಿದ ಮಿಠಾಯಿ, ಬತ್ತಾಸು, ಸಕ್ಕರೆ ಲೇಪದ ಸಾಟು, ಖಾರಕಡ್ಡಿ, ಬೆಲ್ಲದ ಕಡಲೆಮಿಠಾಯಿ, ಖರ್ಜೂರ, ಕೋಝಿಕ್ಕೋಡಿನ ಬಣ್ಣಬಣ್ಣದ ಹಲ್ವ, ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರಬಾಳೆ ಚಿಪ್ಸ್ ಇವು ಕೆಲವು ದಿನ ಕೆಡದೆ ಉಳಿಯುವಂಥವು. ಜಾತ್ರೆಗೆ ಹೋಗಲಾಗದವರಿಗೆ ಪೊಟ್ಟಣ ತಂದುಕೊಡುವುದು ವಾಡಿಕೆಯಾದ್ದರಿಂದ ಇವು ತೂಕದಲ್ಲಿ ಮಾರಾಟವಾಗುತ್ತವೆ.

ಎರಡನೆಯ ಗುಂಪಿನಲ್ಲಿ ಚರುಮುರಿಗೆ ಮೊದಲ ಸ್ಥಾನ. ಮಂಡಕ್ಕಿಗೆ ಹೆಚ್ಚಿದ ನೀರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಮೆಣಸಿನ ಪುಡಿ, ಉಪ್ಪು, ಲಿಂಬೆರಸ ಹಾಕಿ, ಹಸಿ ತೆಂಗಿನೆಣ್ಣೆ ಸುರಿದು ಕಲಸಿ ಕಾಗದದ ಕೊಟ್ಟೆಯಲ್ಲಿ ಕೊಡುವ ಕರಾವಳಿಯ ಈ ರೂಪವು ಘಟ್ಟದ ಮೇಲಿನ ಚುರುಮುರಿಯಿಂದ ಬೇರೆಯಾಗುವುದು ಮುಖ್ಯವಾಗಿ ತೆಂಗಿನೆಣ್ಣೆಯಿಂದ. ಕಲಸಿದ ಕೂಡಲೇ ತಿನ್ನದಿದ್ದರೆ ಮಂಡಕ್ಕಿ ಮೆತ್ತಗಾಗುವುದರಿಂದ ಇದನ್ನು ಮುಂಚಿತವಾಗಿ ಮಾಡಿಡಲು ಬರುವುದಿಲ್ಲ, ಹೀಗಾಗಿ ಚರುಮುರಿಯ ಗಾಡಿಯ ಮುಂದೆ ಸದಾ ಗುಂಪಿರುತ್ತದೆ. ಪೋಡಿ ಎಂದರೆ ಬಾಳೆಕಾಯಿ, ಜೀಗುಜ್ಜೆ, ಮೆಣಸು ಮುಂತಾದವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಗೋಳಿಬಜೆ ಮೈದಾ ಮತ್ತು ಹುಳಿಮೊಸರಿನದು. ಚಟ್ಟಂಬಡೆ ಕಡಲೆಬೇಳೆಯ ವಡೆ. ಪಳಂಪೊರಿ ಹಣ್ಣಾದ ನೇಂದ್ರದ್ದು. ಬಿಸಿಮರಳಿನಲ್ಲಿ ಹುರಿದ ನೆಲಗಡಲೆ ಆಟ ನೋಡುತ್ತ ಕೂರುವವರ ತಿಂಡಿ. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವು, ನೆಲ್ಲಿ, ಅನಾನಸುಗಳ ಗಾಜಿನ ಭರಣಿಗಳ ಸಾಲು, ಮಲೆಯಾಳದಲ್ಲಿ ಉಪ್ಪಿಲಿಟ್ಟದ್, ದಕ್ಷಿಣದಿಂದ ಬಂದು ಈಗ ಉತ್ತರದ ಮಂಜೇಶ್ವರದವರೆಗೂ ಹಬ್ಬಿದೆ. ಗೋಬಿ ಮಂಚೂರಿಯು ಗಾತ್ರದಲ್ಲೂ ಬಣ್ಣದಲ್ಲೂ ಹಳೆಯ ತಿಂಡಿಗಳನ್ನು ಬದಿಗೊತ್ತಿದ ಹೊಸಬ.

ಬೊಂಬಾಯಿ ಮಿಠಾಯಿ, ಮಲೆಯಾಳದಲ್ಲಿ ಪಂಜಿಮಿಠಾಯಿ, ಕರಗಿದ ಸಕ್ಕರೆಯನ್ನು ವೇಗವಾಗಿ ತಿರುಗುವ ತಟ್ಟೆಯ ಸಣ್ಣ ರಂಧ್ರಗಳಿಂದ ಹೊರಚಿಮ್ಮಿಸಿ ಎಳೆಯಾಗಿಸಿದ್ದು. ಇದರ ಯಂತ್ರವನ್ನು 1897ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಮಾರಿಸನ್ ಮತ್ತು ಮಿಠಾಯಿ ತಯಾರಕ ಜಾನ್ ವಾರ್ಟನ್ ರೂಪಿಸಿದರು. ಇದಕ್ಕೆ ಗುಲಾಬಿ ಬಣ್ಣ ಬರಿಸಲು ಕೆಲವೆಡೆ ಬಟ್ಟೆಯ ಬಣ್ಣವಾದ ರೋಡಮೈನ್–ಬಿ ಬಳಕೆಯಾಗುತ್ತಿದ್ದುದು ಪತ್ತೆಯಾಗಿ, 2024ರ ಫೆಬ್ರವರಿಯಲ್ಲಿ ತಮಿಳುನಾಡು ಬಣ್ಣದ ಮಿಠಾಯಿಯನ್ನು ನಿಷೇಧಿಸಿತು. ಮಾರ್ಚಿನಲ್ಲಿ ಕರ್ನಾಟಕವು ಇದರಲ್ಲೂ ಗೋಬಿ ಮಂಚೂರಿಯಲ್ಲೂ ಕೃತಕ ಬಣ್ಣವನ್ನು ನಿಷೇಧಿಸಿತು. ಈ ಆದೇಶಗಳು ಕೇರಳಕ್ಕೆ ಅನ್ವಯಿಸದಿದ್ದರೂ ಗಡಿ ದಾಟಿ ತಿರುಗುವ ವ್ಯಾಪಾರಿಗಳಿಗೆ ಅವು ತಟ್ಟದೆ ಇಲ್ಲ.

ಸಮುದಾಯಗಳ ಪಾಲು

ಸಂತೆಯಲ್ಲಿ ತುಳು, ಕನ್ನಡ, ಮಲೆಯಾಳ, ಬ್ಯಾರಿ, ಕೊಂಕಣಿ ಭಾಷೆಗಳು ಏಕಕಾಲಕ್ಕೆ ನಡೆಯುತ್ತವೆ. ದೇವಸ್ಥಾನದ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳ ಬಳೆ, ಬಚ್ಚಂಗಾಯಿ, ಹಲ್ವದ ಅಂಗಡಿಗಳು ಇರುವುದೂ ತಳಂಗರೆಯ ಮಾಲಿಕ್ ದೀನಾರ್ ಉರೂಸಿನಲ್ಲಿ, ಐದು ವರ್ಷಕ್ಕೊಮ್ಮೆ ನಡೆಯುವ ಉಳ್ಳಾಲ ಉರೂಸಿನಲ್ಲಿ ಎಲ್ಲ ಮತದವರ ಅಂಗಡಿಗಳು ಇರುವುದೂ ರೂಢಿ. ಮಂಜೇಶ್ವರ ಸಮೀಪದ ಉದ್ಯಾವರ ಮಾಡದ ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು ಉತ್ಸವಕ್ಕೆ ಆಹ್ವಾನಿಸಲು ಅಲ್ಲಿನ ಮಸೀದಿಗೆ ಹೋಗುವ ಪದ್ಧತಿ ಈ ಸಹಭಾಗಿತ್ವದ ವಿಧಿರೂಪ. ಕ್ಯಾಥೊಲಿಕ್ ಪರಂಪರೆಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜನವರಿಯ ಹಬ್ಬವು ಇಡೀ ಕರಾವಳಿಯಲ್ಲೇ ದೊಡ್ಡ ಸಂತೆಗಳಲ್ಲೊಂದನ್ನು ಸೇರಿಸುತ್ತದೆ.

2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಅಂಗಡಿ ಏಲಮಿನಿಂದ ಮುಸ್ಲಿಮರನ್ನು ಹೊರಗಿಟ್ಟದ್ದು, ಬಳಿಕ ಇತರ ಕೆಲವು ದೇವಸ್ಥಾನಗಳೂ ಅದನ್ನು ಅನುಸರಿಸಿದ್ದು ರಾಜ್ಯವ್ಯಾಪಿ ವಿವಾದವಾಯಿತು. ಹೊರಗಿಟ್ಟವರು ಆಧಾರವಾಗಿ ತೋರಿಸಿದ್ದು ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ 2002ರಲ್ಲಿ ರಚಿಸಲಾದ ನಿಯಮಗಳನ್ನು. ಮಧೂರಿನಂಥ ದೇವಸ್ಥಾನಗಳು 2008ರಲ್ಲಿ ರಚನೆಯಾದ ಮಲಬಾರ್ ದೇವಸ್ವಂ ಮಂಡಳಿಯ ವ್ಯಾಪ್ತಿಯಲ್ಲಿರುವುದರಿಂದ ಆ ನಿಯಮಗಳು ಅವುಗಳಿಗೆ ಸಂಬಂಧಿಸುವುದಿಲ್ಲ.

ಇಂದಿನ ಸ್ಥಿತಿ

2020 ಮತ್ತು 2021ರ ಕೋವಿಡ್ ನಿರ್ಬಂಧಗಳಿಂದ ಎರಡು ಋತುಗಳ ಸಂತೆ ಬಹುತೇಕ ನಿಂತಿತು. ಮರಳಿ ಆರಂಭವಾದಾಗ ಚಿಲ್ಲರೆಯ ಜಾಗದಲ್ಲಿ ಮೊಬೈಲಿನಿಂದ ಹಣ ಪಾವತಿಸುವ ಕ್ಯೂಆರ್ ಫಲಕಗಳು ಕಡಲೆ ಮಾರುವವನ ಬುಟ್ಟಿಗೂ ಬಂದಿದ್ದವು. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದ್ದು, ಕಾಗದ ಮತ್ತು ಹಾಳೆತಟ್ಟೆಗಳ ಬಳಕೆ ಹೆಚ್ಚಿದೆ.

ಸಂತೆಯ ಕಾಲಮಾನವನ್ನೇ ಬದಲಿಸುತ್ತಿರುವುದು ಸುಡುಮದ್ದು ಮತ್ತು ಶಬ್ದದ ನಿಯಮಗಳು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. 2016ರ ಏಪ್ರಿಲ್ 10ರಂದು ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದ ಸುಡುಮದ್ದು ದುರಂತದಲ್ಲಿ 100ಕ್ಕೂ ಹೆಚ್ಚು ಜನ ಸತ್ತ ಮೇಲೆ ಬೆಡಿಗೆ ಪರವಾನಗಿ ಕಠಿಣವಾಯಿತು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಅಂಞೂಟ್ಟಂಬಲಂ ವೀರರ್‌ಕಾವಿನ ಕಳಿಯಾಟದಲ್ಲಿ ದಾಸ್ತಾನಿಟ್ಟ ಸುಡುಮದ್ದಿಗೆ ಕಿಡಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡು, ಕೆಲವರು ಬಳಿಕ ಮೃತಪಟ್ಟರು. ಯಕ್ಷಗಾನದಲ್ಲೂ ಧರ್ಮಸ್ಥಳ ಮೇಳ 2015ರಲ್ಲಿ ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಗೆ ಬಂತು. ಬೆಡಿ ಬೇಗ ಮುಗಿದು, ಕಾಲಮಿತಿಯ ಆಟವೂ ನಡುರಾತ್ರಿಯೊಳಗೆ ನಿಂತು, ಸ್ವಂತ ವಾಹನದಲ್ಲಿ ಬಂದವರು ಕೂಡಲೇ ಮರಳುವುದರಿಂದ, ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ಚಹಾ ಮತ್ತು ಕಡಲೆಯ ವ್ಯಾಪಾರ ಕುಗ್ಗಿದೆ.

ತೊಟ್ಟಿಲಿನ ತಂಡಗಳು ಇದೇ ಕಾರಣಕ್ಕೆ ಜಾತ್ರೆಯೊಂದನ್ನೇ ನಂಬಿಕೊಂಡಿಲ್ಲ. ಕೊಚ್ಚಿಯ ವೀಗಾಲ್ಯಾಂಡ್ 2000ದಲ್ಲಿ, ಕಣ್ಣೂರು ಜಿಲ್ಲೆಯ ವಿಸ್ಮಯ ಉದ್ಯಾನ 2008ರಲ್ಲಿ ತೆರೆದ ಮೇಲೆ ಖಾಯಂ ವಿನೋದ ಉದ್ಯಾನಗಳು ಶಾಲಾ ಪ್ರವಾಸದ ಭಾಗವಾದವು. ಪಟ್ಟಣಗಳ ಮೈದಾನಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಎಕ್ಸ್‌ಪೋಗಳು, 2022ರ ಡಿಸೆಂಬರಿನಲ್ಲಿ ಮೊದಲ ಬಾರಿ ನಡೆದ ಬೇಕಲ ಕಡಲತೀರದ ಉತ್ಸವದಂಥ ಕಾರ್ಯಕ್ರಮಗಳು ತಂಡಗಳಿಗೆ ಬೇರೆ ನೆಲೆ ಒದಗಿಸಿವೆ. ಎಕ್ಸ್‌ಪೋದಲ್ಲಿ ಟಿಕೆಟ್ ಪಡೆದು ಒಳಹೋದವರು ಒಂದೆರಡು ತಾಸಿನಲ್ಲಿ ಆಡಿ, ತಿಂದು ಹೊರಬರುತ್ತಾರೆ. ಜಾತ್ರೆ ಗದ್ದೆಗೆ ಪ್ರವೇಶಧನವಿಲ್ಲ, ಬಾಗಿಲೂ ಇಲ್ಲ. ಆದರೆ ಬಲಿ ಹೊರಟಾಗ ತೊಟ್ಟಿಲು ನಿಲ್ಲಿಸಬೇಕೆಂಬ ಕರಾರನ್ನು ಏಲಂ ಹಿಡಿಯುವಾಗಲೇ ಒಪ್ಪಿಕೊಳ್ಳಬೇಕಾಗುತ್ತದೆ.